ಅಂಗಳಕ್ಕೂ ಟ್ಯಾಕ್ಸ್ ಹಚ್ಚಿದ್ರು

ಏಪ್ರಿಲ್ ಬಂತಂದ್ರ ನಮ್ಮ ಮನ್ಯಾಗ ಮೂರು ಕೆಲಸ ಇರ್ತಾವ. ವರ್ಷದ ಖಾರಪುಡಿ ಕುಟ್ಟಿಸೋದು, ಹಪ್ಪಳ ಸಂಡಿಗಿ ಹಾಕೋದು, ಮನಿ ಟ್ಯಾಕ್ಸ್ ಕಟ್ಟೋದು. ಮೊದಲಿನ ಎರಡು ನಿಮಗ ನಾ ಹೇಳಿ ಕೊಡೋದೇನಿಲ್ಲ. ಮೂರನೇದ್ರ ಬಗ್ಗೆ ಬರಿಲತ್ತೀನಿ, ಯಾಕಂದ್ರ ಹ್ವಾದ ವರ್ಷ ಅದರ ಹಿಂದ ಎರಡೂವರಿ ತಿಂಗಳು ತಿರುಗೀನಿ.

ಏಪ್ರಿಲ್‌ದಾಗ ಪೂರಾ ವರ್ಷದ ಟ್ಯಾಕ್ಸ್ ಕಟ್ಟಿದ್ರ ನೂರಕ್ಕ 5 ರೂಪಾಯಿ ಸೂಟ್ ಅದ. ಮೇ, ಜೂನ್‌ದಾಗ ಸೂಟೂ ಇಲ್ಲ, ದಂಡಾನೂ ಇಲ್ಲ. ಜೂನ್ ದಾಟಿದ್ರ ತಿಂಗಳಿಗೆ ನೂರಕ್ಕ 2 ದಂಡ. ಬೀದರದಾಗ ನಾವು ನಗರಸಭೆ ಅಂದ್ಕೊಂಡೇ ಬಂದೀವಿ, ಭಾಲ್ಕಿಯಾಗ ಪುರಸಭೆ, ಔರಾದದಾಗ ಪಟ್ಟಣ ಪಂಚಾಯತಿ. ಹೆಸರು ಬ್ಯಾರೆ, ಲೆಕ್ಕದ ರೀತಿ ಒಂದೇ.

ನಮ್ಮ ಮನಿ ಅತ್ತಿಯವರ ಹೆಸರಿಲೆ ಅದ. ಯಾವ ಊರು, ಯಾವ ಆಫೀಸು ಅಂತ ಬರಿಯಂಗಿಲ್ಲ, ನಮ್ಮ ಜಿಲ್ಲಾದಾಗೇ ಅಂತ ತಿಳ್ಕೋರಿ. ಅದರ ಹಿಂದಿನ ವರ್ಷ 2,640 ರೂಪಾಯಿ ಕಟ್ಟಿದ್ದೆವು. ಹ್ವಾದ ಸಲ ಚಲನ್ ತೆಗೆಸಿದ್ರ 6,180! ಅತ್ತಿಯವರಿಗೆ ಬರೋ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ಐದು ತಿಂಗಳದ್ದು ಕೂಡಿಸಿದ್ರೂ ಸಾಲಂಗಿಲ್ಲ. ಮೈದುನ ಫೋನ್‌ದಾಗ ಅಂದ, “ವೈನಿ, ವರ್ಷಾ ಇಷ್ಟು ಕಟ್ಟೋದಾದ್ರ ಆ ಹಳೇ ಮನಿ ಮಾರೇ ಬಿಡೋಣು.” ಅತ್ತಿ ಬಾಜೂಕೇ ಕೂತಿದ್ರು. ಅವತ್ತ ರಾತ್ರಿ ಅರ್ಧ ರೊಟ್ಟಿ ಉಂಡು ಎದ್ರು.

ಮರುದಿನ ಆಫೀಸಿಗೆ ಹೋಗಿ, “ಇದು ಹೆಂಗ ಲೆಕ್ಕ ಹಾಕೀರಿ, ಕಾಗದ ಕೊಡ್ರಿ” ಅಂದೆ. ಮೊದಲು “ಕಂಪ್ಯೂಟರ್ ಹಾಕ್ತದ್ರಿ ಅಕ್ಕೋರೆ” ಅಂದ್ರು. ಕಂಪ್ಯೂಟರ್‌ನಾಗ ಯಾರೋ ತುಂಬೇ ತುಂಬಿರ್ತಾರಲ್ಲ! ಎರಡು ಸಲ ಹ್ವಾದ ಮ್ಯಾಲ ಕಾಗದ ಸಿಕ್ತು.

ಲೆಕ್ಕ ಬಗೀಹರಿಲಾರದ್ದೇನಲ್ಲ. ಜಾಗದ ಅಳತಿ, ಕಟ್ಟಡದ ಅಳತಿ, ಕಟ್ಟಡ ಎಂಥಾದ್ದು, ಎಷ್ಟು ಹಳೇದು, ಮನಿನೋ ದುಕಾನೋ, ಇಷ್ಟು ನೋಡ್ತಾರ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಅಂತ ಇರ್ತದ, ಅದರ ಮ್ಯಾಲ ಬೆಲಿ ಹಿಡೀತಾರ. 2023ರ ಅಕ್ಟೋಬರ್‌ದಾಗ ಆ ದರ ರಾಜ್ಯದ ತುಂಬ ಏರಿಸ್ಯಾರ. ಕಟ್ಟಡ ಹಳೇದಾದಂಗ ಸವಕಳಿ ಕಳೀಬೇಕು. ಬಂದ ತೆರಿಗಿ ಮ್ಯಾಲ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಕರ ಅಂತ ಸೇರ್ತಾವ. ಅಂದ್ರ ತಳದ ಅಳತಿ ತಪ್ಪಿದ್ರ ಮ್ಯಾಲಿನ ಎಲ್ಲಾನೂ ತಪ್ತದ.

ಮನಿಗೆ ಬಂದು ಟೇಪ್ ಹಿಡಿದೆ. ಒಂದು ತುದಿ ನಾ ಹಿಡಿದೆ, ಇನ್ನೊಂದು ಬಾಜೂ ಮನಿ ಭಾಬಿ ಹಿಡಿದ್ರು. ಹೊರಗಿನ ಗ್ವಾಡಿಲಿಂದ ಗ್ವಾಡಿಗೆ 30 ಫೂಟು, 38 ಫೂಟು. ಕಾಗದದಾಗ ಕಟ್ಟಡ 1,140 ಚದರ ಫೂಟು ಅಂತ ಬರ್ದಿದ್ರು, ಅಂದ್ರ ನಡುವಿನ ಅಂಗಳಾನೂ ಕಟ್ಟಡ! 12ಕ್ಕ 16 ಫೂಟಿನ ಅಂಗಳ, ಮ್ಯಾಲ ಮುಗಲು ಬಿಟ್ರ ಏನೂ ಇಲ್ಲ. 192 ಕಳೆದ್ರ ಉಳಿಯೋದು 948. ಎರಡನೇದು, ರಸ್ತಾ ಕಡೀ ಖೋಲಿ ದುಕಾನ ಅಂತ ಹಾಕಿದ್ರು. ಮಾವ ಇದ್ದಾಗ ಅಲ್ಲಿ ಕಿರಾಣಿ ಇತ್ತು ಖರೆ, ಅವರು ಹ್ವಾದ ವರ್ಷವೇ ಮುಚ್ಚೀವಿ. ಈಗ ಅಲ್ಲಿ ಜೋಳದ ಚೀಲ, ಅತ್ತಿಯವರ ಪಲಂಗ. ದುಕಾನಿನ ದರ ಮನಿ ದರಕ್ಕಿಂತ ಭಾಳ.

ಬಾಯಿಲೆ ಹೇಳಿದ್ರ ಯಾರೂ ಕೇಳಂಗಿಲ್ಲ. ಬಿಳಿ ಹಾಳಿ ಮ್ಯಾಲ ತಕರಾರು ಅರ್ಜಿ ಬರ್ದೆ. ಮನಿ ಯಾರ ಹೆಸರಿಲೆ ಅದನೋ ಅವರದೇ ಸಹಿ ಬೇಕು, ಅತ್ತಿ ಹಾಕಿದ್ರು. “ಅಂಗಳ ತಗೀರಿ, ದುಕಾನ ತಗೀರಿ, ಜಾಗಕ್ಕ ಬಂದು ನೋಡ್ರಿ” ಅಂತ ಮೂರೇ ಮಾತು. ಕೂಡ ಹಚ್ಚಿದ್ದು: ಕೈಲೆ ತೆಗೆದ ನಕ್ಷಾ, ಅಂಗಳದ ಫೋಟೋ, ಹಿಂದಿನ ಐದು ವರ್ಷದ ರಸೀದಿ, ಮನಿ ಕರೆಂಟ್ ಬಿಲ್ಲು, ದುಕಾನಿನ ಬ್ಯಾರೆ ಮೀಟರ್ ತೆಗೆಸಿದ ಕಾಗದ. ಇನ್ನೊಂದು ಪ್ರತಿ ಮ್ಯಾಲ ಶಿಕ್ಕಾ, ನಂಬರ್, ತಾರೀಖು ಹಾಕಿಸ್ಕೊಂಡೇ ಹೊರಗ ಬಂದೆ.

ಮನಿದು ನಿಜಾಮನ ಕಾಲದ ಉರ್ದು ಕಾಗದ ಅದ. ನಮ್ಮ ಬೀದರ ಭಾಗ 1956ರ ತನಕ ಹೈದರಾಬಾದ್ ರಾಜ್ಯದಾಗೇ ಇತ್ತಲ್ಲ. ಭಾಬಿಯವರ ಅಬ್ಬಾ ಓದಿ ಹೇಳಿದ್ರು, ಚಕ್ಬಂದಿ ಬರ್ದಲ್ಲಿ “ಸೆಹನ್” ಅಂತ ಅದ, ಅಂದ್ರ ಅಂಗಳ. ಅದರ ಝೆರಾಕ್ಸೂ ಹಚ್ಚಿದೆ. ಅತ್ತಿ ಆ ಶಬ್ದ ಮೂರು ಸಲ ಓದಿಸ್ಕೊಂಡ್ರು.

ಮೇ ಪೂರಾ ಯಾರೂ ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ಶಿಕ್ಕಾ ಇದ್ದ ಪ್ರತಿ ತೋರಿಸಿ, “ನಮ್ಮ ಫೈಲ್ ಯಾರ ಮೇಜಿನ ಮ್ಯಾಲ ಅದ್ರಿ?” ಅಂತ ಕೇಳಿ ಬರ್ತಿದ್ದೆ. ಜಗಳಾಡಲಿಲ್ಲ. ಜೂನ್ ಎರಡನೇ ವಾರದಾಗ ಒಬ್ಬ ಹುಡುಗ ಬಂದು ಅಳದ. ಅಂಗಳದಾಗ ನಿಂತು ಮ್ಯಾಲ ನೋಡಿ ತಾನೇ ನಕ್ಕ. ಅತ್ತಿ ಛಾ ಕೊಟ್ರು. ಜೂನ್ 24ಕ್ಕ ತಿದ್ದಿದ ಲೆಕ್ಕ ಬಂತು, 3,050. ಹಿಂದಿನ ವರ್ಷಕ್ಕಿಂತ 410 ಹೆಚ್ಚು, ಅದು ದರ ಏರಿದ್ದು, ಅದಕ್ಕ ತಕರಾರಿಲ್ಲ. ಏಪ್ರಿಲ್ ಸೂಟ್ ಹ್ವಾಯ್ತು, ದಂಡ ಬೀಳಲಿಲ್ಲ. ಮನಿ ಮಾರೋ ಮಾತು ಮೈದುನ ಮತ್ತ ತೆಗೆದಿಲ್ಲ.

ನೀವೂ ಈ ಸಲ ಕಟ್ಟೋಕಿಂತ ಮೊದಲು ಲೆಕ್ಕದ ಕಾಗದ ಕೇಳ್ರಿ. ಮುಚ್ಚಿದ ದುಕಾನ, ಬಿದ್ದ ಗ್ವಾಡಿ, ಬಯಲು ಅಂಗಳ, ಈ ಮೂರು ಮೊದಲು ನೋಡ್ರಿ. ಕಂಡೂ ಸುಮ್ಮಾ ಕಟ್ಟಿದ್ರ ಮುಂದಿನ ವರ್ಷ ಅದೇ ಅಳತಿ ಮ್ಯಾಲ ಬರ್ತದ. ಟೇಪ್ ಇಲ್ಲಂದ್ರ ನಮ್ಮ ಮನ್ಯಾಗ ಅದ, ಒಯ್ರಿ. ತಿರುಗಿ ತಂದು ಕೊಡ್ರಿ ಮಾತ್ರ!