ಒಂಬತ್ತು ತಿರುವುಗಳ ಚುರಂ, ಒಂದು ತೊಟ್ಟು ನೀರು

ಕೋಳಿಕ್ಕೋಡಿನಿಂದ ನಮ್ಮ ವಯನಾಡಿಗೆ ಬರುವ ಹೆದ್ದಾರಿಯು ಅಡಿವಾರಂ ಎಂಬ ಪುಟ್ಟ ಪೇಟೆ ದಾಟಿದೊಡನೆ ಬೆಟ್ಟ ಹತ್ತತೊಡಗುತ್ತದೆ. ನಾವು ಕನ್ನಡದಲ್ಲಿ ಘಾಟಿ ಎನ್ನುವುದಕ್ಕೆ ಇಲ್ಲಿ ಚುರಂ ಎಂದು ಹೆಸರು. ಈ ತಾಮರಶ್ಶೇರಿ ಚುರಂನಲ್ಲಿ 9 ಹೇರ್‌ಪಿನ್ ತಿರುವುಗಳಿವೆ. ಲೆಕ್ಕ ಕೆಳಗಿನಿಂದ ಶುರುವಾಗುತ್ತದೆ. ಒಂಬತ್ತನೆಯದು ಕಳೆದರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಲಕ್ಕಿಡಿ. ಅಲ್ಲಿ ರಸ್ತೆಯ ಪಕ್ಕ ಸರಪಳಿ ಕಟ್ಟಿದ ಮರವೊಂದಿದೆ. ಈ ದಾರಿಯನ್ನು ಇಂಗ್ಲಿಷ್ ಇಂಜಿನಿಯರನಿಗೆ ತೋರಿಸಿಕೊಟ್ಟ ಕರಿಂದಂಡನ್ ಎಂಬ ಪಣಿಯ ಜನಾಂಗದವನನ್ನು ಆ ಇಂಜಿನಿಯರನೇ ಕೊಂದನೆಂದೂ, ದಾರಿಹೋಕರನ್ನು ಕಾಡತೊಡಗಿದ ಅವನ ಆತ್ಮವನ್ನು ಈ ಮರಕ್ಕೆ ಬಂಧಿಸಿದರೆಂದೂ ಜನ ಹೇಳುತ್ತಾರೆ.

ಚುರಂ ನೋಡಲು ಚೆಂದ; ಆದರೆ ವಯನಾಡಿನವರಿಗೆ ಇದು ಬರೀ ನೋಟದ ಜಾಗವಲ್ಲ. ನಮ್ಮ ಕರಿಮೆಣಸು, ಕಾಫಿ ಇಳಿಯುವುದೂ, ಅಕ್ಕಿ ಬೇಳೆ ಮೇಲೆ ಬರುವುದೂ ಈ ದಾರಿಯಲ್ಲೇ. ಇಲ್ಲಿಯ ಆಸ್ಪತ್ರೆಗಳಲ್ಲಿ ಆಗದ ರೋಗಿಯನ್ನು ಕೋಳಿಕ್ಕೋಡಿನ ಮೆಡಿಕಲ್ ಕಾಲೇಜಿಗೆ ಒಯ್ಯುವುದೂ ಇದೇ ದಾರಿಯಲ್ಲಿ. ಆದ್ದರಿಂದ ತಿರುವಿನಲ್ಲಿ ಒಂದು ವಾಹನ ಕೆಟ್ಟು ನಿಂತರೆ ತೊಂದರೆ ಅದರ ಯಜಮಾನನೊಬ್ಬನದೇ ಅಲ್ಲ.

ಕಳೆದ ಮಳೆಗಾಲದಲ್ಲಿ ವಲಿಯಂಗಾಡಿಯಿಂದ ಅಕ್ಕಿ ಮೂಟೆಗಳನ್ನು ಪಿಕ್‌ಅಪ್‌ಗೆ ಹೇರಿಕೊಂಡು ಮಧ್ಯಾಹ್ನ ಹೊರಟಿದ್ದೆವು. ಸೂರ್ಯಾಸ್ತದ ಮೊದಲು ಮನೆ ಸೇರಿ ಊಟ ಮುಗಿಸಬೇಕೆಂಬ ಎಣಿಕೆ. ಗಾಡಿ ಓಡಿಸುತ್ತಿದ್ದವನು ತಮ್ಮನ ಮಗ. ನಾಲ್ಕನೆಯ ತಿರುವು ದಾಟುವಾಗ ಅವನೆಂದ: "ದೊಡ್ಡಪ್ಪ, ಬಿಸಿ ತೋರಿಸೋ ಮುಳ್ಳು ಮೇಲೆ ಹೋಗ್ತಾ ಇದೆ."

ಮುಂದೆ ರಸ್ತೆ ಅಗಲವಾಗಿದ್ದ ಕಡೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆವು. ಬಾನೆಟ್ ಎತ್ತಿದರೆ ಸಿಹಿ ವಾಸನೆಯ ಹಬೆ. ಕೂಲೆಂಟಿನ ಗುರುತು ಈ ವಾಸನೆಯೇ. ಹುಡುಗ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ತಕ್ಷಣ ತಡೆದೆವು. ಒತ್ತಡ ಹಿಡಿದಿಡುವುದೇ ಆ ಮುಚ್ಚಳದ ಕೆಲಸ. ಒತ್ತಡವಿರುವುದರಿಂದಲೇ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಲ್ಲಿ ತೆಗೆದರೆ ಆ ಕ್ಷಣವೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡ ಡ್ರೈವರುಗಳನ್ನು ನಾವು ಕಂಡಿದ್ದೇವೆ.

ಮುಕ್ಕಾಲು ಗಂಟೆ ಕಾದೆವು. ಚುರಂನಲ್ಲಿ ಸಂಚಾರ ನೋಡಿಕೊಳ್ಳುವ ಇಬ್ಬರು ಸ್ವಯಂಸೇವಕ ತರುಣರು ಬಂದು ಹಿಂದಿನ ವಾಹನಗಳಿಗೆ ಕೈ ತೋರಿಸುತ್ತ ನಿಂತರು. ಅಷ್ಟರಲ್ಲಿ ಒಂದು ಆಂಬುಲೆನ್ಸ್ ಕೂಗುತ್ತ ಇಳಿದು ಹೋಯಿತು. ನಮ್ಮ ಗಾಡಿ ತಿರುವಿನಲ್ಲೇ ನಿಂತುಬಿಟ್ಟಿದ್ದರೆ ಎಂದು ಎದೆ ಝಲ್ಲೆಂದಿತು.

ಎಂಜಿನ್ ತಣ್ಣಗಾದ ಮೇಲೆ ಮುಚ್ಚಳವನ್ನು ಮೊದಲು ಅರ್ಧ ತಿರುಗಿಸಿ, ಉಳಿದ ಹಬೆ ಹೋದ ಬಳಿಕ ಪೂರ್ತಿ ತೆಗೆದೆವು. ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ದೆವು. ಕಾದ ಎಂಜಿನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುವುದುಂಟು. ಬಳಿಕ ಕ್ಯಾಬಿನ್ನಿನ ಹೀಟರನ್ನು ಪೂರ್ತಿ ತಿರುಗಿಸಿಟ್ಟು, ನಡುವೆ ಎರಡು ಸಲ ನಿಲ್ಲಿಸಿ ಆರಿಸಿ, ನಿಧಾನವಾಗಿ ವೈತ್ತಿರಿ ತಲುಪಿದೆವು. ಹೀಟರು ಎಂಜಿನಿನ ಬಿಸಿಯನ್ನು ಒಂದಿಷ್ಟು ಹೊರಗೆ ಸೆಳೆಯುತ್ತದೆ. ನಮಗೆ ಬೆವರು ಹರಿಯಿತು, ಎಂಜಿನ್ ಉಳಿಯಿತು. ಅಂದಿನ ಊಟ ಮಾತ್ರ ತಪ್ಪಿತು.

ನೀರು ಹೊಯ್ದು ಊರು ಸೇರಿದ್ದು ರಿಪೇರಿಯಲ್ಲ. ಎರಡು ವಾರ ಮೊದಲೇ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದ್ದೆವು. ಅವರು ರೇಡಿಯೇಟರಿನ ಕೆಳಭಾಗ ಒದ್ದೆಯಾಗಿದ್ದುದನ್ನು ಕಂಡು, ಅದನ್ನೇ ಬದಲಿಸಬೇಕು ಎಂದಿದ್ದರು. ವೈತ್ತಿರಿಯ ಮೆಕ್ಯಾನಿಕ್ ಅಷ್ಟಕ್ಕೆ ಒಪ್ಪಲಿಲ್ಲ. ನೀರು ಬೀಳುವ ಜಾಗ ಬೇರೆ, ಸೋರುವ ಜಾಗ ಬೇರೆ ಎಂಬುದು ಅವನ ಮಾತು.

ಮರುದಿನ ಬೆಳಿಗ್ಗೆ ಅವನು ಎಲ್ಲವನ್ನೂ ತೊಳೆದು ಒಣಗಿಸಿ, ಕೂಲೆಂಟ್ ತುಂಬಿಸಿ, ಮುಚ್ಚಳದ ಜಾಗಕ್ಕೆ ಮೀಟರಿರುವ ಕೈಪಂಪು ಕೂರಿಸಿ ಗಾಳಿಯ ಒತ್ತಡ ಕೊಟ್ಟ. ಮೀಟರಿನ ಮುಳ್ಳು ಮೆಲ್ಲಗೆ ಇಳಿಯತೊಡಗಿತು. ಆಮೇಲೆ ಟಾರ್ಚ್ ಹಿಡಿದು ಮೇಲಿನ ಹೋಸ್, ಕೆಳಗಿನ ಹೋಸ್, ಕ್ಲಾಂಪು, ರೇಡಿಯೇಟರಿನ ಬೆಸುಗೆ ಒಂದೊಂದನ್ನೇ ನೋಡಿದ. ಎಲ್ಲ ಒಣಗಿತ್ತು. ಕೊನೆಗೆ ವಾಟರ್ ಪಂಪಿನ ತಳದ ಸಣ್ಣ ತೂತಿನಲ್ಲಿ ಒಂದು ಹಸಿರು ತೊಟ್ಟು ಕಂಡಿತು. ಪಂಪಿನೊಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಬರಲೆಂದೇ ಆ ತೂತು ಇಟ್ಟಿರುತ್ತಾರೆ. ಅಲ್ಲಿಂದ ಬಂದ ತೊಟ್ಟನ್ನು ಫ್ಯಾನು ಚದುರಿಸಿ ಸುತ್ತಲಿನ ಕವಚಕ್ಕೆ ಎರಚುತ್ತಿತ್ತು. ಅದು ಜಾರಿ ರೇಡಿಯೇಟರಿನ ಕೆಳಗೆ ಇಳಿಯುತ್ತಿತ್ತು. ಮಳೆಯಲ್ಲಿ ನೆಲವೆಲ್ಲ ಒದ್ದೆಯಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹೊಸ ಪಂಪು, ಗ್ಯಾಸ್ಕೆಟ್, ಬೆಲ್ಟ್ ಹಾಕಿದ್ದಾಯಿತು. ಹಳೆಯ ನೀರು ಬಿಟ್ಟು, ಕೂಲೆಂಟ್ ಮತ್ತು ಶುದ್ಧ ನೀರನ್ನು ಸಮಪಾಲು ಬೆರೆಸಿ ತುಂಬಿಸಿ, ಗುಳ್ಳೆಗಳು ನಿಲ್ಲುವವರೆಗೆ ಎಂಜಿನ್ ಓಡಿಸಿ ಗಾಳಿ ತೆಗೆದ. ಪುನಃ ಒತ್ತಡ ಕೊಟ್ಟಾಗ ಮುಳ್ಳು ಕದಲಲಿಲ್ಲ. ರೇಡಿಯೇಟರು ಹಳೆಯದೇ ಉಳಿಯಿತು, ಇಂದಿಗೂ ಸರಿಯಾಗಿದೆ. ಸೋರಿದ ಕೂಲೆಂಟನ್ನು ತೊಟ್ಟಿಗೆ ಹಿಡಿದು ಮುಚ್ಚಿಟ್ಟ. ಸಿಹಿಯೆಂದು ನಾಯಿ ಬೆಕ್ಕುಗಳು ನೆಕ್ಕಿದರೆ ಅದು ವಿಷ.

ಬತ್ತೇರಿಯ ಬಸದಿಗೂ, ಕಲ್ಪೆಟ್ಟೆ ಬಳಿಯ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಗೂ ಬರುವ ಬಂಧುಗಳು ಮುಂದೆ ಕೋಳಿಕ್ಕೋಡಿಗೆ ಇಳಿದು ಹತ್ತುವುದುಂಟು. ಹೊರಡುವ ಹಿಂದಿನ ರಾತ್ರಿ ಗಾಡಿಯ ಮುಂಭಾಗದ ಕೆಳಗೆ ಒಂದು ಒಣ ರಟ್ಟು ಹಾಸಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಕೂಲೆಂಟಿನ ಡಬ್ಬಿಯ ಗೆರೆ ನೋಡಿ. ಪದೇಪದೇ ನೀರು ಹೊಯ್ಯಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿದು, ಜಾಗ ಕಂಡುಹಿಡಿಸದೆ ಚುರಂ ಹತ್ತಬೇಡಿ. ನಿಮ್ಮ ಹಿಂದೆ ಬರುವ ವಾಹನದಲ್ಲಿ ಯಾರಿದ್ದಾರೋ, ಅವರಿಗೆ ಎಷ್ಟು ಅವಸರವಿದೆಯೋ ಹೇಳಬರುವುದಿಲ್ಲ.