ಟೋಕನ್ ಮರಳಿದ ಮೇಲೆ ಮುಂದಿನ ಗಾಡಿ

ಸುವರ್ಣ ಮಹೋತ್ಸವದ ಅಂಗವಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ರಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವ ಕಾರ್ಯ ನಡೆದುದು ತಮಗೆಲ್ಲ ವಿದಿತವೇ ಇದೆ. ಜನ್ಮದಿನಾಂಕಕ್ಕೂ ಜಾತಿ ಪ್ರಮಾಣಪತ್ರಕ್ಕೂ ಈ ರಜಿಸ್ಟರಿನ ಉತಾರೆಯನ್ನು ಕೇಳಿಕೊಂಡು ಸಾಂಗ್ಲಿ, ಮಿರಜ್, ಜತ್ತಿನಿಂದ ಹಳೆಯ ವಿದ್ಯಾರ್ಥಿಗಳು ಇಂದಿಗೂ ಬರುತ್ತಾರೆ. ಒಂದು ಹಾಳೆ ತಪ್ಪಿದರೆ ಹಲವು ಕುಟುಂಬಗಳ ಆಧಾರವೇ ತಪ್ಪಿದಂತೆ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇದಕ್ಕಾಗಿ ಪ್ರೋಗ್ರಾಂ ಬರೆದುಕೊಟ್ಟನು. ಅದು ಒಂದು ಹಾಳೆಯನ್ನು ದೂರದ ಸರ್ವರಿಗೆ ಕಳಿಸಿ ಉತ್ತರಕ್ಕಾಗಿ ಸುಮ್ಮನೆ ಕಾಯುವುದಿಲ್ಲ. ಒಡನೆಯೇ ಮುಂದಿನದನ್ನು ಕಳಿಸುತ್ತದೆ. ಇದನ್ನು ಅಸಿಂಕ್ರೊನಸ್ ಕಾರ್ಯವೆನ್ನುತ್ತಾರೆ. ಆದರೆ ಅಂಕೆಯಿಲ್ಲದಿದ್ದರೆ ಸಾವಿರ ಹಾಳೆಗಳೂ ಒಂದೇ ಗಳಿಗೆಯಲ್ಲಿ ಹೊರಟುಬಿಡುತ್ತವೆ. ಮೊದಲ ದಿನ ಹಾಗೆಯೇ ಆಯಿತು. ಸರ್ವರು ಅನೇಕ ಹಾಳೆಗಳನ್ನು ತಿರಸ್ಕರಿಸಿತು. ಯಾವುವು ತಲುಪಿದವು, ಯಾವುವು ಉಳಿದವು ಎಂಬುದೇ ತಿಳಿಯದಾಯಿತು.

ಇದಕ್ಕೆ ಪರಿಹಾರವು ಮಿರಜಿನವರಿಗೆ ಹೊಸದಲ್ಲ. ಒಂದು ಕಾಲಕ್ಕೆ ಬ್ರಾಡ್ ಗೇಜ್, ಮೀಟರ್ ಗೇಜ್, ನ್ಯಾರೋ ಗೇಜ್ ಮೂರೂ ಕೂಡುತ್ತಿದ್ದ ಜಂಕ್ಷನ್ ನಮ್ಮದು. ಏಕಮಾರ್ಗದ ಹಳಿಗಳ ಮೇಲೆ ಟೋಕನ್ ಪದ್ಧತಿ ಇರುತ್ತಿತ್ತು. ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಕೈಗೆ ಬಂದ ಹೊರತು ಡ್ರೈವರನು ಗಾಡಿ ಬಿಡುವಂತಿರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಅದು ಯಂತ್ರಕ್ಕೆ ಮರಳಿದ ಮೇಲೆಯೇ ಆ ಹಳಿಯ ಮೇಲೆ ಮತ್ತೊಂದು ಗಾಡಿಗೆ ಅವಕಾಶ.

ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು 1960ರ ದಶಕದಲ್ಲಿ ಇಂಥದೇ ವ್ಯವಸ್ಥೆಯನ್ನು ಕಂಪ್ಯೂಟರಿಗೆ ತಂದು, ರೈಲ್ವೆಯ ಕೈಮರದ ಹೆಸರಿನಿಂದಲೇ ಅದನ್ನು ‘ಸೆಮಫೋರ್’ ಎಂದು ಕರೆದರು. ಇಲ್ಲಿ ಟೋಕನ್ ಒಂದೇ ಇರಬೇಕೆಂದಿಲ್ಲ. ನಮ್ಮ ಶಿಷ್ಯನು ನಾಲ್ಕನ್ನು ಇಟ್ಟನು. ನಾಲ್ಕು ಹಾಳೆಗಳು ದಾರಿಯಲ್ಲಿದ್ದರೆ ಐದನೆಯದು ಸರದಿಯಲ್ಲಿ ನಿಲ್ಲುತ್ತದೆ. ಒಂದೊಂದನ್ನೇ ಕಳಿಸಿದರೆ ಕಾಲಹರಣ, ಎಲ್ಲವನ್ನೂ ಕಳಿಸಿದರೆ ಕೋಲಾಹಲ. ಎಷ್ಟು ಟೋಕನ್ ಎಂಬುದನ್ನು ಕಳಿಸುವವನ ಆತುರವಲ್ಲ, ಸ್ವೀಕರಿಸುವವನ ಶಕ್ತಿಯೇ ನಿರ್ಧರಿಸತಕ್ಕದ್ದು.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯವಾದುದು. ಹಾಳೆ ತಲುಪಲಿ, ತಲುಪದಿರಲಿ, ಅದರ ಟೋಕನ್ ಮಾತ್ರ ಮರಳಲೇಬೇಕು. ಸೋತ ಹಾಳೆಯು ಟೋಕನನ್ನು ಹಿಡಿದೇ ಕುಳಿತರೆ, ಅಂಥ ನಾಲ್ಕು ಹಾಳೆಗಳು ಸಾಕು, ಇಡೀ ಸಾಲು ಸದ್ದಿಲ್ಲದೆ ನಿಂತುಬಿಡುತ್ತದೆ. ಆದುದರಿಂದ ಸೋತವುಗಳ ಸಂಖ್ಯೆಯನ್ನು ಬೇರೆ ಪಟ್ಟಿಯಲ್ಲಿ ಬರೆದಿಟ್ಟು, ಟೋಕನನ್ನು ಮುಂದಿನ ಹಾಳೆಗೆ ಕೊಡುವಂತೆ ಅವನು ಏರ್ಪಡಿಸಿದನು.

ಎರಡನೆಯ ಸಲ ಕೊನೆಗೆ ಹನ್ನೊಂದು ಹಾಳೆಗಳು ಆ ಪಟ್ಟಿಯಲ್ಲಿ ಉಳಿದವು. ಶಿಕ್ಷಕ ಬಂಧುಗಳು ಅವನ್ನು ಪುನಃ ಸ್ಕ್ಯಾನ್ ಮಾಡಿ ಕಳಿಸಿ, ರಜಿಸ್ಟರಿನ ಕ್ರಮಸಂಖ್ಯೆಯೊಡನೆ ಒಂದೊಂದಾಗಿ ತಾಳೆ ನೋಡಿದರು. ಈಗ ಒಂದು ಹೆಸರೂ ಬಿಟ್ಟುಹೋಗಿಲ್ಲ. ಹಳೆಯ ವಿದ್ಯಾರ್ಥಿಗಳು ನಿಶ್ಚಿಂತೆಯಿಂದ ಬಂದು ತಮ್ಮ ಉತಾರೆಯನ್ನು ಪಡೆಯಬಹುದು.