ಪಾಲಿಗೆ ಬಂದ ಗಂಟೆಗಳು

10 ಮಕ್ಕಳಿಗೆ ಒಬ್ಬ ಶಿಕ್ಷಕರೆಂದರೆ ಇಬ್ಬರು ಮಕ್ಕಳಿಗೆ ಎಷ್ಟು? ನಾಲ್ಕನೇ ತರಗತಿಯ ಭಾಗಾಕಾರ ಇದು. ಆದರೆ ವಿಕಲಚೇತನ ಮಗುವಿರುವ ಮನೆಯಲ್ಲಿ ಈ ಲೆಕ್ಕ ಅಷ್ಟು ಸುಲಭವಾಗಿ ಬಗೆಹರಿಯುವುದಿಲ್ಲ.

ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10ಕ್ಕೆ ಒಬ್ಬರು, ಅದರ ಮೇಲೆ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಅದೇ ಪ್ರಮಾಣವನ್ನು ಅಧಿಸೂಚನೆಯಾಗಿ ಹೊರಡಿಸಿತು. ಹುದ್ದೆಗಳನ್ನು ಮಂಜೂರು ಮಾಡಿ ಭರ್ತಿ ಮಾಡಿ ಎಂದು 2025ರ ಮಾರ್ಚ್‌ನಲ್ಲಿ ಕೋರ್ಟ್ ರಾಜ್ಯಗಳಿಗೆ ಮತ್ತೊಮ್ಮೆ ಹೇಳಬೇಕಾಯಿತು.

ಇನ್ನು ನಮ್ಮ ಸಣ್ಣ ಶಾಲೆಗಳಲ್ಲಿ ಅಂಥ ಮಕ್ಕಳು ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರದ ಶಿಕ್ಷಕರು ಶಾಲೆಯಿಂದ ಶಾಲೆಗೆ ತಿರುಗುತ್ತಾರೆ. ಹಾಗಾಗಿ ಮಗುವಿಗೆ ಸಿಗುವುದು ಶಿಕ್ಷಕರಲ್ಲ, ಅವರ ಕೆಲವು ಗಂಟೆಗಳು. ಅದರಲ್ಲೂ ಬಸ್ಸಿನ ಪಾಲು ಕಳೆದು ಉಳಿದದ್ದು.

ನಮ್ಮ ಪಕ್ಕದ ಮನೆಯ ಎಂಟು ವರ್ಷದ ಹುಡುಗಿ ಉರ್ದು ಶಾಲೆಗೆ ಹೋಗುತ್ತಾಳೆ. ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಹೇಳುತ್ತಾಳೆ, ಓದು ಎಂದರೆ ಮುಖ ಬಾಡುತ್ತದೆ. ಬೆ, ಪೆ, ತೆ ಅಕ್ಷರಗಳ ಆಕಾರ ಒಂದೇ, ಚುಕ್ಕೆಗಳಷ್ಟೇ ಬೇರೆ. ಆ ಚುಕ್ಕೆಗಳು ಅವಳ ಕಣ್ಣ ಮುಂದೆ ನಿಲ್ಲುವುದಿಲ್ಲ. ಯಾವಾಗಲೋ ಬರುವ ವಿಶೇಷ ಶಿಕ್ಷಕಿ ಒಳ್ಳೆಯವರು, ಆದರೆ ಅವರಿಗೆ ಉರ್ದು ಓದಲು ಬಾರದು. ಮೇಲಾಗಿ ಹುಡುಗಿಯ ಹೆಸರು ಪಟ್ಟಿಯಲ್ಲೇ ಇಲ್ಲ. 2016ರ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯನ್ನೂ ಸೇರಿಸಿದೆ ನಿಜ, ಆದರೆ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಗೆ ಅಲೆದರೆ ತಾಯಿಯ ಬೀಡಿ ಕೂಲಿ ಹೋಗುತ್ತದೆ.

"ಆಪಾ, ಸರ್ಟಿಫಿಕೇಟ್ ಇಲ್ಲ ಅಂದ್ರೆ ನನ್ನ ಮಗಳ ತೊಂದರೆ ತೊಂದರೆಯೇ ಅಲ್ವಾ?" ಎಂದು ಆಕೆ ನನ್ನನ್ನು ಕೇಳಿದಳು.

ಈ ಪ್ರಶ್ನೆಗೆ ಐರ್ಲೆಂಡ್ ಒಂದು ಉತ್ತರ ಹುಡುಕಿದೆ. ಅಲ್ಲಿ 2017ರಿಂದ ಮಕ್ಕಳ ಸಂಖ್ಯೆ, ಓದು ಮತ್ತು ಲೆಕ್ಕದ ಪರೀಕ್ಷೆಗಳ ಫಲಿತಾಂಶ, ಕುಟುಂಬಗಳ ಬಡತನ ಇಂಥವುಗಳನ್ನು ನೋಡಿ ಪ್ರತಿ ಶಾಲೆಗೂ ವಿಶೇಷ ಬೋಧನೆಯ ಗಂಟೆಗಳನ್ನು ಹಂಚುತ್ತಾರೆ. ಯಾವ ಮಗುವಿಗೆ ಎಷ್ಟು ಎಂಬುದನ್ನು ಶಾಲೆ ತೀರ್ಮಾನಿಸುತ್ತದೆ. ಅದಕ್ಕೆ ವೈದ್ಯರ ಚೀಟಿ ಬೇಕಿಲ್ಲ. ಅಲ್ಲಿಯೂ ತಕರಾರು ಇಲ್ಲದಿಲ್ಲ. 2024ರಲ್ಲಿ ತೀವ್ರ ಅಗತ್ಯವುಳ್ಳ ಮಕ್ಕಳ ಲೆಕ್ಕವನ್ನು ಆ ಸೂತ್ರದಿಂದ ಕೈಬಿಟ್ಟಾಗ ಪೋಷಕರು ಸಿಟ್ಟಾದರು. ಆದರೂ ಮಗುವಿನ ಕಷ್ಟವನ್ನು ಮೊದಲು ಕಾಣುವವರು ಪಾಠ ಹೇಳುವವರು ಎಂಬ ನಂಬಿಕೆ ಅದರಲ್ಲಿದೆ.

ಪಾಲಿಗೆ ಬಂದದ್ದೇ ಪಂಚಾಮೃತ ಎಂದು ಸುಮ್ಮನಿರುವುದು ನಮ್ಮ ಬಡವರಿಗೆ ರೂಢಿಯಾಗಿದೆ. ಮಕ್ಕಳ ಓದಿನ ವಿಷಯದಲ್ಲಿ ಇದು ಸಲ್ಲದು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಮೂರು ಪ್ರಶ್ನೆ ಕೇಳಲಿ: ಈ ತಿಂಗಳು ವಿಶೇಷ ಶಿಕ್ಷಕರು ನಮ್ಮ ಶಾಲೆಯಲ್ಲಿ ಎಷ್ಟು ಗಂಟೆ ಕೂತರು? ಯಾವ ಮಗುವಿನ ಪಕ್ಕದಲ್ಲಿ? ಯಾವ ಭಾಷೆಯಲ್ಲಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಲಿ. ಪಕ್ಕದ ಮನೆಯ ತಾಯಿಗೂ ನಾನು ಇದನ್ನೇ ಹೇಳಿದ್ದೇನೆ, ಜೊತೆಗೆ ನಾನೂ ಬರುತ್ತೇನೆ ಎಂದಿದ್ದೇನೆ.